95 ಬಂದಿದೆ, ಎಲ್ಲಾ ನಾರ್ಮಲ್ ಅಂದ್ರು: ಒಂದು ಅಸೆಸ್‌ಮೆಂಟ್ ಪ್ರಕರಣ

ನಾನು ಸೈಕಾಲಜಿಸ್ಟ್, ಓದಲ್ಲಿ ತೊಂದರೆ ಇರೋ ಮಕ್ಕಳನ್ನ ಟೆಸ್ಟ್ ಮಾಡಿ ಕಾರಣ ಹುಡುಕೋದು, ಅಂದ್ರೆ ಅಸೆಸ್‌ಮೆಂಟ್, ನನ್ನ ಕೆಲ್ಸ. ಮೊದ್ಲೇ ಹೇಳ್ಬಿಡ್ತೀನಿ, ಹೆಸರು, ಊರು, ಮನೆ ವಿವರ ಯಾವ್ದೂ ಇಲ್ಲಿ ಇರಲ್ಲ, ಗುರುತು ಸಿಗಬಾರ್ದು ಅಂತ ಒಂದೆರಡು ಸಣ್ಣ ವಿಷಯಗಳನ್ನ ಬೇಕಂತ್ಲೇ ಬದಲಾಯಿಸಿದೀನಿ. ಹುಡುಗಿನ ಪುಟ್ಟಿ ಅಂತ ಕರೀತೀನಿ. ಟೆಸ್ಟ್ ಒಳಗಿನ ಪ್ರಶ್ನೆಗಳನ್ನೂ ಬರೆಯಲ್ಲ, ಅವು ಹೊರಗೆ ಬಂದ್ರೆ ಆ ಟೆಸ್ಟು ಮುಂದೆ ಯಾರಿಗೂ ಉಪಯೋಗಕ್ಕೆ ಬರಲ್ಲ. ಈ ಕೇಸನ್ನ ಬರೀತಿರೋದು ಯಾಕಂದ್ರೆ ಕಡಿಮೆ ಐಕ್ಯೂ ಬಂದು ತೊಂದರೆ ಆದ ಕಥೆಗಳನ್ನ ಎಲ್ರೂ ಹೇಳ್ತಾರೆ, ಸರಾಸರಿ ಐಕ್ಯೂ ಬಂದಿದ್ದಕ್ಕೇ ತೊಂದರೆ ಆಗಿದ್ದನ್ನ ಯಾರೂ ಜಾಸ್ತಿ ಹೇಳಲ್ಲ.

ಹಿನ್ನೆಲೆ

ಪುಟ್ಟಿಗೆ ಹತ್ತು ದಾಟಿತ್ತು, ಐದನೇ ಕ್ಲಾಸು. ಮಾತಾಡೋಕೆ ಕೂತ್ರೆ ದೊಡ್ಡವರ ಜೊತೆ ಸರಿಸಮ, ಗ್ರಹಣದ ಬಗ್ಗೆ, ಡೈನೋಸಾರ್ ಬಗ್ಗೆ, ಓದಿದ ಕಥೆಯಲ್ಲಿ ಆ ಪಾತ್ರ ಹಾಗೆ ಯಾಕೆ ಮಾಡ್ತು ಅನ್ನೋದ್ರ ಬಗ್ಗೆ ಬಿಡದೆ ಕೇಳೋಳು. ಆದ್ರೆ ನೋಟ್‌ಬುಕ್ ತೆಗೆದ್ರೆ ಬೇರೆ ಹುಡುಗಿ. ಅರ್ಧಕ್ಕೆ ನಿಂತ ವಾಕ್ಯಗಳು, ಗೆರೆ ಬಿಟ್ಟು ಮೇಲೆ ಕೆಳಗೆ ಓಡೋ ಅಕ್ಷರ, ಬೋರ್ಡ್ ಮೇಲಿನದನ್ನ ಮೂರು ಸಾಲು ಬರ್ಕೊಳ್ಳೋಷ್ಟರಲ್ಲಿ ಟೀಚರ್ ಅಳಿಸಿ ಮುಂದಕ್ಕೆ ಹೋಗಿರ್ತಿದ್ರು. ಲೆಕ್ಕದಲ್ಲಿ ವಿಧಾನ ಸರಿ, ಆದ್ರೆ ಹತ್ತರ ಸ್ಥಾನದ ಅಂಕಿ ನೂರರ ಕೆಳಗೆ ಕೂತು ಉತ್ತರ ತಪ್ಪು. ರಿಪೋರ್ಟ್ ಕಾರ್ಡಲ್ಲಿ ಮೂರು ವರ್ಷದಿಂದ ಹೆಚ್ಚುಕಮ್ಮಿ ಒಂದೇ ಮಾತು: ಬುದ್ಧಿ ಇದೆ, ಗಮನ ಇಲ್ಲ, ಮನಸ್ಸು ಮಾಡಿದ್ರೆ ಮಾಡ್ತಾಳೆ.

ನನ್ನ ಹತ್ರ ಬರೋಕೆ ಸುಮಾರು ಐದು ತಿಂಗಳು ಮುಂಚೆ ಇನ್ನೊಂದು ಕಡೆ ಟೆಸ್ಟ್ ಆಗಿತ್ತು. ಟೆಸ್ಟ್ ಚೆನ್ನಾಗೇ ಮಾಡಿದ್ರು, ಅದರಲ್ಲಿ ದೂರು ಇಲ್ಲ. ರಿಪೋರ್ಟ್ ಮಾತ್ರ ಒಂದೂವರೆ ಪುಟ. ಒಟ್ಟು ಐಕ್ಯೂ 95, ಸರಾಸರಿ ಮಟ್ಟ, ಕಲಿಕೆಗೆ ಅಡ್ಡಿಯಾಗೋ ಬೌದ್ಧಿಕ ಸಮಸ್ಯೆ ಕಾಣ್ತಿಲ್ಲ, ಬರವಣಿಗೆ ಅಭ್ಯಾಸ ಹೆಚ್ಚಿಸಿ, ಪೋಷಕರು ಶಿಸ್ತಿನ ಕಡೆ ಗಮನ ಕೊಡಿ.

ಇದರಲ್ಲಿ ಒಂದು ವಾಕ್ಯನೂ ಸುಳ್ಳಲ್ಲ ನೋಡಿ. ಈ ಟೆಸ್ಟುಗಳಲ್ಲಿ ಒಂದೇ ವಯಸ್ಸಿನ ಮಕ್ಕಳ ಸರಾಸರಿನ 100 ಅಂತ ಇಟ್ಟಿರ್ತಾರೆ, ಹರಡುವಿಕೆ 15. ಅಂದ್ರೆ ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ಒಳಗೆ ಬರ್ತಾರೆ. 95 ಅಂದ್ರೆ 37ನೇ ಪರ್ಸೆಂಟೈಲ್, ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 37 ಮಕ್ಕಳ ಸ್ಕೋರು ಅದಕ್ಕೆ ಸಮ ಅಥವಾ ಕಡಿಮೆ. ಯಾವ ಅಳತೆಗೂ ಇರೋ ಹಾಗೆ ಇದಕ್ಕೂ ದೋಷದ ಅಂಚು ಇದೆ, ಅದನ್ನ ಸೇರಿಸಿದ್ರೆ 90ರಿಂದ 101ರ ಒಳಗೆ ಎಲ್ಲೋ ಒಂದು ಕಡೆ ಅಂತ ಹೇಳ್ಬಹುದು. ಎಲ್ಲಾ ಸರಿ. ಆದ್ರೆ ಮನೆಯವ್ರು ಆ ನಂಬರನ್ನ ಓದಿದ್ದು ಹೀಗೆ: ಮಗುಗೆ ಏನೂ ಆಗಿಲ್ಲ, ಹಾಗಾದ್ರೆ ಉಳಿದಿದ್ದು ಸೋಮಾರಿತನ. ದಿನಾ ಸಂಜೆ ಎರಡು ಪುಟ ಕಾಪಿ ರೈಟಿಂಗ್ ಶುರು ಆಯ್ತು, ಆಟದ ಹೊತ್ತು ಕಟ್ ಆಯ್ತು, ಮುಗಿಸೋಷ್ಟರಲ್ಲಿ ಅಳು, ಅಮ್ಮಂಗೂ ಮಗಳಿಗೂ.

ಮೊದಲ ಸಲ ಮಾತಾಡಿಸಿದಾಗ ಪುಟ್ಟಿ ಹೇಳಿದ್ದು ಇದು: "ನಂಗೆ ಎಲ್ಲಾ ಸರಿ ಇದೆ ಅಂತ ಟೆಸ್ಟಲ್ಲಿ ಬಂದಿದೆ. ಸರಿ ಇದ್ರೂ ಆಗಲ್ಲ ಅಂದ್ರೆ ನಾನೇ ಕೆಟ್ಟೋಳು ಅಲ್ವಾ?" ಹತ್ತು ವರ್ಷದ ಮಗು ಒಂದು ಸರಾಸರಿ ಅಂಕಿಯಿಂದ ತನ್ನ ಸ್ವಭಾವದ ಬಗ್ಗೆ ತೀರ್ಮಾನ ಮಾಡ್ಕೊಂಡಿತ್ತು. ತರ್ಕದಲ್ಲಿ ತಪ್ಪೇನೂ ಇಲ್ಲ, ಅವಳಿಗೆ ಕೊಟ್ಟ ಮಾಹಿತಿಯಿಂದ ಬರೋ ತೀರ್ಮಾನ ಅದೇ.

ಕೇಳಿದ ಪ್ರಶ್ನೆ ಯಾವ್ದು?

ಅಪ್ಪ ಅಮ್ಮ ಬಂದಿದ್ದು ಒಂದೇ ಬೇಡಿಕೆ ಇಟ್ಕೊಂಡು, ಇನ್ನೊಂದ್ಸಲ ಐಕ್ಯೂ ಟೆಸ್ಟ್ ಮಾಡಿ ಮೇಡಂ, ಅವತ್ತು ಅವಳ ಮೂಡ್ ಸರಿ ಇರ್ಲಿಲ್ಲ ಅನ್ಸುತ್ತೆ. ಒಪ್ಕೊಂಡಿದ್ರೆ ಸುಲಭ ಇತ್ತು. ನಾನು ಬೇಡ ಅಂದೆ. ಒಂದು ಕಾರಣ ಎಲ್ರಿಗೂ ಗೊತ್ತಿರೋದೇ, ಇಷ್ಟು ಹತ್ತಿರದಲ್ಲಿ ಅದೇ ಟೆಸ್ಟ್ ಮತ್ತೆ ಮಾಡಿದ್ರೆ ಮಗು ಹಳೆಯದನ್ನ ನೆನಪಿಟ್ಕೊಂಡಿರುತ್ತೆ, ಸ್ಕೋರ್ ಸ್ವಲ್ಪ ಏರುತ್ತೆ, ಆ ಏರಿಕೆಗೆ ಅರ್ಥ ಇರಲ್ಲ. ಇನ್ನೊಂದು ಕಾರಣ ಇನ್ನೂ ಮುಖ್ಯ. 95 ಬದ್ಲು 101 ಬಂದ್ರೆ ನಾಳೆ ಕ್ಲಾಸಲ್ಲಿ ಏನು ಬದಲಾಗುತ್ತೆ ಅಂತ ಕೇಳಿದೆ. ಇಬ್ರೂ ಸುಮ್ನಾದ್ರು. ಅಮ್ಮ ಆಮೇಲೆ ಹೇಳಿದ್ರು, "ಗೊತ್ತಿರೋದನ್ನ ಇವಳು ಯಾಕೆ ಬರೆಯಲ್ಲ ಅಂತ ಗೊತ್ತಾಗ್ಬೇಕು." ಅಸಲಿ ಪ್ರಶ್ನೆ ಅದು. ಐಕ್ಯೂ ಟೆಸ್ಟ್ ಒಂದೇ ಅದಕ್ಕೆ ಉತ್ತರ ಕೊಡಲ್ಲ, ಆದ್ರೆ ಮಾಡಿರೋ ಟೆಸ್ಟ್‌ನ ಒಳಗೆ ಸುಳಿವು ಇರಬಹುದು.

ಹಾಗಾಗಿ ಮೊದಲು ಮಾಡಿದ ಕೆಲ್ಸ ಹೊಸ ಟೆಸ್ಟ್ ಅಲ್ಲ, ಪೋಷಕರ ಒಪ್ಪಿಗೆ ಪತ್ರ ಕಳಿಸಿ ಹಳೇ ಟೆಸ್ಟ್‌ನ ಸ್ಕೋರ್ ಶೀಟ್ ತರಿಸ್ಕೊಂಡಿದ್ದು. ಸ್ವಲ್ಪ ತಡ ಆಯ್ತು, ಆದ್ರೆ ಕೊಟ್ರು. ಇದನ್ನ ಓದ್ತಿರೋ ಪೋಷಕರಿಗೆ ಒಂದು ಮಾತು, ರಿಪೋರ್ಟಲ್ಲಿ ಒಟ್ಟು ನಂಬರ್ ಮಾತ್ರ ಇದ್ರೆ ಒಳಗಿನ ಭಾಗಗಳ ಸ್ಕೋರ್ ಕೂಡ ಬರೆದು ಕೊಡಿ ಅಂತ ಕೇಳಿ, ಅದನ್ನ ಕೇಳೋದ್ರಲ್ಲಿ ಸಂಕೋಚ ಏನೂ ಬೇಡ.

ಶೀಟ್ ಒಳಗೆ ಏನಿತ್ತು

ಮಾಡಿದ್ದು ವಿಸ್ಕ್ ಅನ್ನೋ ಮಕ್ಕಳ ಐಕ್ಯೂ ಟೆಸ್ಟ್‌ನ ಐದನೇ ಆವೃತ್ತಿ, 2014ರಲ್ಲಿ ಬಂದಿದ್ದು, ಆರು ವರ್ಷದಿಂದ ಹದಿನಾರು ವರ್ಷ ಹನ್ನೊಂದು ತಿಂಗಳವರೆಗಿನ ಮಕ್ಕಳಿಗೆ. ಅದರಲ್ಲಿ ಮುಖ್ಯ ಸಬ್‌ಟೆಸ್ಟು, ಅಂದ್ರೆ ಒಳಗಿನ ಚಿಕ್ಕ ಟೆಸ್ಟು, ಹತ್ತು, ಪ್ರತಿಯೊಂದಕ್ಕೂ ಸರಾಸರಿ 10, ಹರಡುವಿಕೆ 3. ಎರಡೆರಡು ಸಬ್‌ಟೆಸ್ಟ್ ಸೇರಿ ಐದು ಇಂಡೆಕ್ಸ್: ಮಾತಿನ ಗ್ರಹಿಕೆ, ದೃಶ್ಯ ಮತ್ತು ಜಾಗದ ಗ್ರಹಿಕೆ, ತರ್ಕ, ವರ್ಕಿಂಗ್ ಮೆಮೊರಿ (ಕೆಲ್ಸ ಮುಗಿಯೋವರೆಗೆ ತಲೇಲಿ ಹಿಡಿದಿಟ್ಕೊಳ್ಳೋ ನೆನಪು), ಪ್ರೊಸೆಸಿಂಗ್ ಸ್ಪೀಡ್ (ಸರಳ ಕೆಲ್ಸ ಮಾಡೋ ವೇಗ). ಒಟ್ಟು ಐಕ್ಯೂ ಲೆಕ್ಕಕ್ಕೆ ಮಾತ್ರ ಹತ್ತೂ ಸೇರಲ್ಲ, ಏಳೇ ಸೇರೋದು. ಇದು ಬಹಳ ಜನಕ್ಕೆ ಗೊತ್ತಿಲ್ಲ, ಈ ಕೇಸಲ್ಲಿ ಇದೇ ಕೀಲಿ.

ಪುಟ್ಟಿದು ಮಾತಿಗೆ ಸಂಬಂಧಪಟ್ಟ ಎರಡೂ 13. ತರ್ಕದ ಎರಡೂ 11. ಅಂಕಿಗಳನ್ನ ನೆನಪಿಟ್ಟು ಹೇಳೋದು 8. ಬ್ಲಾಕ್ ಡಿಸೈನ್, ಅಂದ್ರೆ ಚಿತ್ರ ನೋಡಿ ಕೈಯಲ್ಲಿ ಬ್ಲಾಕ್ ಜೋಡಿಸೋದು, 6. ಕೋಡಿಂಗ್, ಅಂದ್ರೆ ಎರಡು ನಿಮಿಷದಲ್ಲಿ ಎಷ್ಟು ಸಾಧ್ಯನೋ ಅಷ್ಟು ಚಿಹ್ನೆಗಳನ್ನ ಪೆನ್ಸಿಲಲ್ಲಿ ಬರೆಯೋದು, 3. ಈ ಏಳನ್ನ ಕೂಡಿದ್ರೆ 65, ಅದನ್ನ ಟೆಸ್ಟ್‌ನ ಪಟ್ಟಿಯಲ್ಲಿ ಐಕ್ಯೂಗೆ ಬದಲಾಯಿಸಿದ್ರೆ ಬರೋದೇ ಆ 95.

ಈಗ ಲೆಕ್ಕಕ್ಕೆ ಸೇರದೇ ಹೊರಗುಳಿದಿದ್ದನ್ನ ನೋಡಿ. ವಿಶುಯಲ್ ಪಜಲ್ಸ್ 11. ಇದೂ ಬ್ಲಾಕ್ ಡಿಸೈನ್ ತರನೇ ಆಕಾರಗಳನ್ನ ಮನಸ್ಸಲ್ಲಿ ಜೋಡಿಸೋದು, ಆದ್ರೆ ಕೈಯಲ್ಲಿ ಏನೂ ಮಾಡೋ ಹಾಗಿಲ್ಲ, ಯಾವ್ದು ಅಂತ ತೋರಿಸಿದ್ರೆ ಸಾಕು. ಸಿಂಬಲ್ ಸರ್ಚ್ 8. ಇದೂ ಎರಡು ನಿಮಿಷದ ವೇಗದ ಟೆಸ್ಟೇ, ಆದ್ರೆ ಹುಡುಕಿ ಒಂದು ಗೀಟು ಎಳೆದ್ರೆ ಆಯ್ತು, ಆಕಾರ ಬರೆಯೋ ಕೆಲ್ಸ ಇಲ್ಲ. ಅಂದ್ರೆ ಒಂದೇ ಶಕ್ತಿಯನ್ನ ಅಳೆಯೋ ಜೋಡಿಗಳಲ್ಲಿ ಕೈ ಕೆಲ್ಸ ಜಾಸ್ತಿ ಇರೋದ್ರಲ್ಲಿ ಸ್ಕೋರ್ ಬಿದ್ದಿದೆ, ಕೈ ಕೆಲ್ಸ ಕಡಿಮೆ ಇರೋದ್ರಲ್ಲಿ ನಿಂತಿದೆ, ಮತ್ತೆ ಒಟ್ಟು ಐಕ್ಯೂಗೆ ಸೇರಿದ್ದು ಎರಡು ಕಡೆನೂ ಬಿದ್ದಿದ್ದೇ. ಶೀಟ್‌ನ ಅಂಚಲ್ಲಿ ಮೊದಲು ಟೆಸ್ಟ್ ಮಾಡಿದವರು ಪೆನ್ಸಿಲಲ್ಲಿ ಒಂದು ಸಾಲು ಬರೆದಿದ್ರು: ಪದೇ ಪದೇ ಕೈ ಒದರ್ತಾಳೆ, ನೋವು ಅಂತಾಳೆ. ಒಳ್ಳೇ ವೀಕ್ಷಣೆ. ರಿಪೋರ್ಟಿಗೆ ಅದು ಬರ್ಲೇ ಇಲ್ಲ. ನನ್ನ ಕೇಳಿದ್ರೆ ಆ ಇಡೀ ಕಡತದಲ್ಲಿ ಅತ್ಯಂತ ಬೆಲೆಬಾಳೋ ಸಾಲು ಅದೇ.

ಇಲ್ಲಿ ಒಂದು ಎಚ್ಚರಿಕೆ ಹೇಳ್ಲೇಬೇಕು. ಸಬ್‌ಟೆಸ್ಟ್ ಸ್ಕೋರ್‌ಗಳನ್ನ ಮುಂದಿಟ್ಕೊಂಡು ಕಥೆ ಕಟ್ಟೋದು ತುಂಬಾ ಸುಲಭ, ಬಿಡಿ ಸ್ಕೋರ್‌ಗಳ ವಿಶ್ವಾಸಾರ್ಹತೆ ಒಟ್ಟು ಸ್ಕೋರಿಗಿಂತ ಕಡಿಮೆ, ಯಾವ ತೊಂದರೆನೂ ಇಲ್ಲದ ಮಕ್ಕಳಲ್ಲೂ ಏರುಪೇರು ಇದ್ದೇ ಇರುತ್ತೆ. ಪಟ್ಟಿ ನೋಡಿ ಇದು ಈ ರೋಗ ಅಂತ ಹೇಳೋರನ್ನ ನಂಬಬೇಡಿ. ವ್ಯತ್ಯಾಸ ಆಕಸ್ಮಿಕ ಅಲ್ಲ ಅನ್ನೋದು ಒಂದು ಪ್ರಶ್ನೆ, ಅಷ್ಟು ದೊಡ್ಡ ವ್ಯತ್ಯಾಸ ಸಾಮಾನ್ಯ ಮಕ್ಕಳಲ್ಲಿ ಎಷ್ಟು ಅಪರೂಪ ಅನ್ನೋದು ಇನ್ನೊಂದು ಪ್ರಶ್ನೆ, ಎರಡನ್ನೂ ಮ್ಯಾನುಯಲ್‌ನ ಪಟ್ಟಿಯಲ್ಲಿ ನೋಡ್ಬೇಕು. ನೋಡಿದ್ಮೇಲೂ ಅದು ಊಹೆ ಅಷ್ಟೇ. ಕೈಯಲ್ಲೇ ಏನೋ ಇದೆ ಅನ್ನೋ ಊಹೆನ ಟೆಸ್ಟ್‌ನ ಹೊರಗಡೆ ಸಾಬೀತು ಮಾಡ್ಬೇಕು, ಇಲ್ಲಾ ಬಿಟ್ಬಿಡಬೇಕು.

ಬೇರೆ ಬೇರೆ ಊಹೆಗಳು

ಸ್ಕೂಲಿನವರ ಪಕ್ಕಾ ನಂಬಿಕೆ ಗಮನದ ಕೊರತೆ, ಎಡಿಎಚ್‌ಡಿ ಅಂತ. ಅಮ್ಮಂಗೆ ಡಿಸ್ಲೆಕ್ಸಿಯಾ, ಅಂದ್ರೆ ಅಕ್ಷರ ಓದೋದ್ರಲ್ಲೇ ಇರೋ ತೊಂದರೆ, ಅದರ ಭಯ, ಕಾಗುಣಿತ ಅಷ್ಟು ತಪ್ಪು ಇತ್ತು. ಅಪ್ಪಂಗೆ ಏನೂ ಇಲ್ಲ ಅನ್ನೋ ಆಸೆ. ನನ್ನ ಮನಸ್ಸಲ್ಲಿ ಇನ್ನೂ ಎರಡಿತ್ತು, ಕಣ್ಣು, ಮತ್ತೆ ತಪ್ಪಾಗುತ್ತೆ ಅನ್ನೋ ಆತಂಕಕ್ಕೆ ಬರೆಯೋದನ್ನೇ ತಪ್ಪಿಸ್ಕೊಳ್ಳೋದು.

ಕಣ್ಣು ಕಿವಿ ಮೊದಲು ಚೆಕ್ ಮಾಡಿಸಿದ್ವಿ, ಯಾವ ಅಸೆಸ್‌ಮೆಂಟಿಗೂ ಇದು ಮೊದಲ ಮೆಟ್ಟಿಲು ಆಗ್ಬೇಕು, ಆದ್ರೆ ಆಗಲ್ಲ. ಎರಡೂ ಸರಿ ಇತ್ತು.

ಓದು ನೋಡಿದ್ವಿ. ಬಿಡಿ ಪದಗಳನ್ನ ಓದೋದು ವಯಸ್ಸಿಗೆ ತಕ್ಕ ಹಾಗಿತ್ತು. ಅರ್ಥ ಇಲ್ಲದ ಕಟ್ಟು ಪದಗಳನ್ನ ಓದೋದು, ಅಂದ್ರೆ ನೆನಪಿನ ಸಹಾಯ ಇಲ್ಲದೇ ಅಕ್ಷರ ಕೂಡಿಸಿ ಓದೋದು, ಅದೂ ಸರಿ. ಧ್ವನಿಗಳನ್ನ ಬಿಡಿಸಿ ಜೋಡಿಸೋದು ಸಲೀಸು. ಕಾಗುಣಿತಕ್ಕೆ ಒಂದು ಸಣ್ಣ ತಿರುವು ಕೊಟ್ಟೆ, ಅರ್ಧ ಪದಗಳನ್ನ ಬರೆಸಿದೆ, ಅಷ್ಟೇ ಕಷ್ಟದ ಇನ್ನರ್ಧನ ಬಾಯಲ್ಲಿ ಹೇಳಿಸಿದೆ. ಬಾಯಲ್ಲಿ ತಪ್ಪು ಬೆರಳೆಣಿಕೆ, ಬರೆದಾಗ ಅರ್ಧಕ್ಕರ್ಧ. ಇಲ್ಲಿಗೆ ಡಿಸ್ಲೆಕ್ಸಿಯಾ ಊಹೆ ಬಹುಮಟ್ಟಿಗೆ ಹಿಂದೆ ಸರೀತು. ಅವಳಿಗೆ ಅಕ್ಷರ ಗೊತ್ತಿದೆ, ಕೈಯಿಂದ ಅಕ್ಷರ ಮೂಡಿಸೋಕೇ ಅಷ್ಟೂ ಗಮನ ಖರ್ಚಾಗಿ ಕಾಗುಣಿತಕ್ಕೆ ಏನೂ ಉಳಿಯಲ್ಲ.

ಈ ಕೇಸಿನ ದಿಕ್ಕು ಬದಲಾಗಿದ್ದು ಇನ್ನೊಂದು ಸರಳ ಕೆಲಸದಲ್ಲಿ, ಅದಕ್ಕೆ ಕಿಟ್ ಬೇಡ, ನಾರ್ಮ್ಸ್ (ಬೇರೆ ಮಕ್ಕಳ ಜೊತೆ ಹೋಲಿಸೋ ಅಂಕಿಪಟ್ಟಿ) ಬೇಡ, ಯಾವ ಟೀಚರ್ ಬೇಕಾದ್ರೂ ಮಾಡ್ಬಹುದು. ಒಂದು ಚಿತ್ರ ಕೊಟ್ಟು ಕಥೆ ಹೇಳು ಅಂದೆ, ರೆಕಾರ್ಡ್ ಮಾಡ್ಕೊಂಡೆ. ಇನ್ನೊಂದು ದಿನ ಅಂಥದ್ದೇ ಇನ್ನೊಂದು ಚಿತ್ರ ಕೊಟ್ಟು ಕಥೆ ಬರಿ ಅಂದೆ. ಹೇಳಿದ ಕಥೆಯಲ್ಲಿ ಮೂರು ಪಾತ್ರ, ಒಂದು ಜಗಳ, ಒಂದು ಗುಟ್ಟು, ಕೊನೆಗೆ ಕೇಳೋರು ಎದುರು ನೋಡದ ತಿರುವು. ಬರೆದ ಕಥೆಯಲ್ಲಿ ಐದು ಸಾಲು, ಒಬ್ಬ ಹುಡುಗ ಇದ್ದ, ನಾಯಿ ಬಂತು, ಓಡ್ತು, ಸಿಕ್ತು, ಮುಗೀತು. ಎರಡನ್ನೂ ಪಕ್ಕದಲ್ಲಿಟ್ಟು ನೀನೇ ನೋಡು, ಏನನ್ಸುತ್ತೆ ಅಂತ ಕೇಳಿದೆ. ಸ್ವಲ್ಪ ಹೊತ್ತು ನೋಡಿ, "ಬರೆಯೋವಾಗ ಚಿಕ್ಕ ಪದ ಹುಡುಕ್ತೀನಿ, ಬೇಗ ಮುಗಿಯುತ್ತೆ, ದೊಡ್ಡ ಪದ ನೋಯುತ್ತೆ" ಅಂದ್ಲು.

ಅಲ್ಲಿಗೆ ಟೀಚರ್‌ಗಳು ಇಷ್ಟು ವರ್ಷ ನೋಡ್ತಿದ್ದ ಬಡ ಭಾಷೆ, ಬಡ ಕಲ್ಪನೆ ಎಲ್ಲಾ ಏನು ಅಂತ ಗೊತ್ತಾಯ್ತು. ನೋವು ತಪ್ಪಿಸ್ಕೊಳ್ಳೋಕೆ ಅವಳು ತಾನೇ ಕಂಡ್ಕೊಂಡಿದ್ದ ಉಪಾಯ ಅದು.

ಆಮೇಲೆ ಅಮ್ಮನ್ನ ಮತ್ತೆ ಕೂರಿಸ್ಕೊಂಡು ಚಿಕ್ಕಂದಿನ ವಿಷಯ ಕೇಳಿದೆ, ಓದು ಬರಹದ್ದಲ್ಲ, ಕೈ ಕಾಲಿಂದು. ಬಟನ್ ಹಾಕ್ಕೊಳ್ಳೋದು ಈಗ್ಲೂ ನಿಧಾನ. ಶೂ ಲೇಸ್ ಬರಲ್ಲ, ಅಂಟಿಸೋ ಪಟ್ಟಿ ಇರೋ ಶೂ ತಗೋತಾರೆ. ಸೈಕಲ್ ಕಲಿಯೋಕೆ ಆಗ್ದೆ ಬಿಟ್ಬಿಟ್ಲು. ಚೆಂಡು ಹಿಡಿಯೋ ಆಟಕ್ಕೆ ಯಾರೂ ಸೇರಿಸ್ಕೊಳ್ಳಲ್ಲ. ಲೋಟ ಯಾವಾಗ್ಲೂ ಬೀಳಿಸ್ತಾಳೆ. "ಇದನ್ನೆಲ್ಲ ನೀವು ಕೇಳ್ತೀರ ಅಂತ ಗೊತ್ತಿರ್ಲಿಲ್ಲ, ಓದಿಗೂ ಇದಕ್ಕೂ ಏನು ಸಂಬಂಧ ಅಂತ ನಾನು ಹೇಳ್ಲೇ ಇಲ್ಲ" ಅಂದ್ರು ಅಮ್ಮ. ಅವರು ಯಾಕೆ ಹೇಳ್ತಾರೆ ಹೇಳಿ, ಫಾರಂನಲ್ಲಿ ಇದ್ದಿದ್ದು ಮೊದಲು ನಡೆದಿದ್ದು ಯಾವಾಗ, ಮೊದಲು ಮಾತಾಡಿದ್ದು ಯಾವಾಗ ಅನ್ನೋ ಎರಡು ಪ್ರಶ್ನೆ, ಅವೆರಡೂ ಸಮಯಕ್ಕೆ ಸರಿಯಾಗೇ ಆಗಿತ್ತು.

ಗಮನದ ವಿಷಯ ಸ್ವಲ್ಪ ಜಾಸ್ತಿ ಹೊತ್ತು ತಗೊಳ್ತು. ಟೀಚರ್ ತುಂಬಿದ ಪ್ರಶ್ನಾವಳಿಯಲ್ಲಿ ಗಮನದ ಸಮಸ್ಯೆ ಜೋರಾಗೇ ಬಂತು, ಮನೆಯವರು ತುಂಬಿದ್ರಲ್ಲಿ ಅಷ್ಟಿಲ್ಲ. ಎಡಿಎಚ್‌ಡಿ ಅನ್ನೋಕೆ ಲಕ್ಷಣಗಳು ಎರಡು ಅಥವಾ ಹೆಚ್ಚು ಸನ್ನಿವೇಶದಲ್ಲಿ ಕಾಣ್ಬೇಕು, ಹನ್ನೆರಡು ವರ್ಷಕ್ಕೆ ಮುಂಚೆನೇ ಶುರು ಆಗಿರ್ಬೇಕು, ಬೇರೆ ಕಾರಣದಿಂದ ವಿವರಿಸೋಕೆ ಆಗ್ಬಾರ್ದು. ಸ್ಕೂಲಿನವರ ಒಪ್ಪಿಗೆ ತಗೊಂಡು ಕ್ಲಾಸಲ್ಲೇ ಹಿಂದೆ ಕೂತು ನೋಡಿದೆ. ಬಾಯಿ ಪಾಠ, ಚರ್ಚೆ ನಡೆಯೋವಾಗ ಅವಳು ಪೂರ್ತಿ ಅಲ್ಲೇ. ನೋಟ್ಸ್ ಬರ್ಕೊಳ್ಳಿ ಅಂದ ತಕ್ಷಣ ಮೊದಲ ಎರಡು ಮೂರು ನಿಮಿಷ ಬರೀತಾಳೆ, ಆಮೇಲೆ ಪೆನ್ಸಿಲ್ ಚೂಪು ಮಾಡೋದು, ಕಿಟಕಿ ಕಡೆ ನೋಡೋದು, ಪಕ್ಕದವಳ ಜೊತೆ ಮಾತು. ಹಾಗಂತ ಎಡಿಎಚ್‌ಡಿ ಇಲ್ವೇ ಇಲ್ಲ ಅಂತ ನಾನು ಬರೀಲಿಲ್ಲ, ಕೈ ಸಮನ್ವಯದ ತೊಂದರೆ ಮತ್ತೆ ಎಡಿಎಚ್‌ಡಿ ಒಟ್ಟಿಗೆ ಬರೋದು ತುಂಬಾ ಸಾಮಾನ್ಯ. ಬರವಣಿಗೆಯ ಭಾರ ಇಳಿಸಿ ಆರು ತಿಂಗಳು ನೋಡೋಣ, ಆಮೇಲೂ ಇದ್ರೆ ಮತ್ತೆ ಅಳೆಯೋಣ ಅಂತ ಬರೆದೆ. ಸ್ಕೂಲಿನವರಿಗೆ ಇದು ಇಷ್ಟ ಆಗ್ಲಿಲ್ಲ, ಅವರಿಗೆ ಹೌದು ಅಥವಾ ಇಲ್ಲ ಬೇಕಿತ್ತು.

ಕೈ ವಿಷಯ ಆಕ್ಯುಪೇಷನಲ್ ಥೆರಪಿಸ್ಟ್, ಅಂದ್ರೆ ದಿನನಿತ್ಯದ ಕೆಲ್ಸಗಳನ್ನ ಮಾಡೋಕೆ ಕಲಿಸೋ ತಜ್ಞರ ಹತ್ರ ಹೋಯ್ತು. ಮೂವ್‌ಮೆಂಟ್ ಎಬಿಸಿ ಅನ್ನೋ ಚಲನೆಯ ಟೆಸ್ಟಲ್ಲಿ ಒಟ್ಟು ಸ್ಕೋರ್ ಐದನೇ ಪರ್ಸೆಂಟೈಲ್‌ಗಿಂತ ಕೆಳಗೆ, ಅದರಲ್ಲೂ ಬೆರಳಿನ ಕುಶಲತೆಯ ಭಾಗ ಬಹಳ ಕೆಳಗೆ. ಮಕ್ಕಳ ಡಾಕ್ಟರ್ ನರಗಳ ಪರೀಕ್ಷೆ ಮಾಡಿ ಬೇರೆ ಕಾಯಿಲೆ ಇಲ್ಲ ಅಂದ್ರು. ಎಲ್ಲಾ ಸೇರಿದ್ಮೇಲೆ ಬಂದ ಹೆಸರು ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್, ಅಂದ್ರೆ ಕೈಕಾಲಿನ ಚಲನೆಯ ಸಮನ್ವಯದಲ್ಲಿ ಚಿಕ್ಕಂದಿನಿಂದ್ಲೇ ಇರೋ ತೊಂದರೆ, ಕೆಲವರು ಡಿಸ್ಪ್ರಾಕ್ಸಿಯಾ ಅಂತಾರೆ. ಐದರಿಂದ ಹನ್ನೊಂದು ವರ್ಷದ ಮಕ್ಕಳಲ್ಲಿ ನೂರಕ್ಕೆ ಐದಾರು ಮಕ್ಕಳಿಗೆ ಇರುತ್ತೆ ಅಂತ ಡಿಎಸ್‌ಎಂ-5, ಅಂದ್ರೆ ಮಾನಸಿಕ ಸಮಸ್ಯೆಗಳನ್ನ ಗುರುತಿಸೋಕೆ ಬಳಸೋ ಕೈಪಿಡಿ, ಹೇಳುತ್ತೆ, ಅಂದ್ರೆ ದೊಡ್ಡ ಕ್ಲಾಸಲ್ಲಿ ಒಬ್ಬರೋ ಇಬ್ಬರೋ ಇದ್ದೇ ಇರ್ತಾರೆ. ಈ ಹೆಸರನ್ನ ನಾನೊಬ್ಬಳೇ ಕೊಡೋಕಾಗಲ್ಲ, ಕೊಡಬಾರ್ದು ಕೂಡ. ಸೈಕಾಲಜಿಸ್ಟ್ ಹತ್ರ ಇರೋದು ಒಂದು ಭಾಗದ ಸಾಕ್ಷ್ಯ ಮಾತ್ರ.

ಬರೆಯೋ ವೇಗ ಅಳೆಯೋದ್ರಲ್ಲಿ ಒಂದು ತೊಡಕು ಬಂತು. ಕೈಬರಹದ ವೇಗಕ್ಕೆ ನಾರ್ಮ್ಸ್ ಇರೋ ಟೆಸ್ಟ್‌ಗಳಿವೆ, ಆದ್ರೆ ಯಾವ ಭಾಷೆಯ ಮಕ್ಕಳ ಮೇಲೆ ಮಾಡಿರ್ತಾರೋ ಆ ಭಾಷೆಗೆ ಮಾತ್ರ ಅವು ಸರಿ, ಬೇರೆ ಲಿಪಿಯಲ್ಲಿ ಬರೆಯೋ ಮಗುಗೆ ಆ ಅಂಕಿ ಹಚ್ಚೋದು ಅರ್ಥ ಇಲ್ಲದ್ದು. ಅದರ ಬದ್ಲು ಟೀಚರ್ ಸಹಾಯದಿಂದ ಇಡೀ ಕ್ಲಾಸಿಗೆ ಒಂದೇ ಪ್ಯಾರಾನ ಹತ್ತು ನಿಮಿಷ ಕಾಪಿ ಮಾಡೋಕೆ ಕೊಟ್ವಿ, ಹೆಸರು ತೆಗೆದು ಎಣಿಸಿದ್ವಿ. ಮಧ್ಯದಲ್ಲಿ ಬರೋ ಮಗು ಬರೆದಿದ್ದರ ಅರ್ಧಕ್ಕಿಂತ ಕಡಿಮೆ ಪುಟ್ಟಿದು, ಮತ್ತೆ ಕೊನೇ ಮೂರು ನಿಮಿಷದಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ. ಇದು ಸ್ಟ್ಯಾಂಡರ್ಡ್ ಟೆಸ್ಟ್ ಅಲ್ಲ ಅಂತ ರಿಪೋರ್ಟಲ್ಲಿ ಸ್ಪಷ್ಟವಾಗಿ ಬರೆದೆ, ಆದ್ರೂ ಸ್ಕೂಲಿನವರ ಮನಸ್ಸು ಬದಲಾಯಿಸಿದ್ದು ನನ್ನ ಯಾವ ಪರ್ಸೆಂಟೈಲೂ ಅಲ್ಲ, ಆ ಹಾಳೆಗಳ ಕಟ್ಟು.

ಹೇಳೋದು ಹೇಗೆ

ಫೀಡ್‌ಬ್ಯಾಕ್ ಅಂದ್ರೆ ಅಪ್ಪ ಅಮ್ಮಂಗೆ ಹೇಳಿ ಕಳಿಸೋದು ಅಂತ ರೂಢಿ. ಈ ಕೇಸಲ್ಲಿ ಮೊದಲು ಪುಟ್ಟಿಗೇ ಹೇಳ್ಬೇಕು ಅಂತ ತೀರ್ಮಾನ ಮಾಡಿದ್ವಿ, ಯಾಕಂದ್ರೆ ತಪ್ಪು ತೀರ್ಮಾನ ಆಳವಾಗಿ ಇಳಿದಿದ್ದು ಅವಳ ತಲೇಲೇ. ನಿನ್ನ ಯೋಚನೆ ಬೇಗ ಓಡುತ್ತೆ, ಕೈಗೆ ಅಷ್ಟು ಬೇಗ ಓಡೋಕೆ ಆಗಲ್ಲ, ಅದು ಸೋಮಾರಿತನ ಅಲ್ಲ, ಇದಕ್ಕೊಂದು ಹೆಸರಿದೆ ಅಂತ ಅವಳ ಎರಡು ಕಥೆಗಳನ್ನೇ ಮುಂದಿಟ್ಟು ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ, "ಹಾಗಾದ್ರೆ ಕಾಪಿ ರೈಟಿಂಗ್ ಬಿಡಬಹುದಾ?" ಬಿಡಬಹುದು ಅಂದೆ. ದಿನಾ ಎರಡು ಪುಟ ಅದೇ ತಪ್ಪು ಹಿಡಿತದಲ್ಲಿ ನೋವಿನ ಜೊತೆ ಬರೆದ್ರೆ ಆ ತಪ್ಪು ಹಿಡಿತನೇ ಗಟ್ಟಿ ಆಗುತ್ತೆ, ಅಭ್ಯಾಸ ಅನ್ನೋದು ತಾನಾಗೇ ಒಳ್ಳೇದಲ್ಲ.

ಅಪ್ಪ ಕೊನೆವರೆಗೂ ಸುಮ್ನೆ ಕೂತಿದ್ದು, ಎದ್ದು ಹೋಗೋವಾಗ, ನಂದೂ ಹೀಗೇ ಇತ್ತು, ನಾನೂ ಒಂದು ಐಕ್ಯೂ ಟೆಸ್ಟ್ ಮಾಡಿಸ್ಕೊಳ್ಳಾ ಅಂತ ಕೇಳಿದ್ರು. ದೊಡ್ಡವರಿಗೆ ವೇಯ್ಸ್ ಅನ್ನೋ ಐಕ್ಯೂ ಟೆಸ್ಟ್ ಇದೆ, ಹದಿನಾರಿಂದ ತೊಂಬತ್ತು ವರ್ಷದವರೆಗೆ ಮಾಡ್ಬಹುದು, ಮಾಡೋಕೆ ಅಡ್ಡಿ ಏನೂ ಇರ್ಲಿಲ್ಲ. ಈಗ ಕೆಲಸದಲ್ಲಿ ಏನಾದ್ರೂ ತೊಡಕಾಗ್ತಿದ್ಯಾ, ಯಾವ್ದಾದ್ರೂ ಪರೀಕ್ಷೆಗೆ ಅನುಕೂಲ ಬೇಕಾ ಅಂತ ಕೇಳಿದೆ. ಇಲ್ಲ, ಎಲ್ಲಾ ಕಂಪ್ಯೂಟರಲ್ಲೇ, ಚೆನ್ನಾಗೇ ನಡೀತಿದೆ ಅಂದ್ರು. ಹಾಗಾದ್ರೆ ಬೇಡ ಅಂದೆ. ದೊಡ್ಡವರ ಅಸೆಸ್‌ಮೆಂಟ್ ಕೂಡ ಒಂದು ನಿರ್ಧಾರಕ್ಕೋಸ್ಕರ ಇರ್ಬೇಕು: ಓದು ಮುಂದುವರಿಸೋರಿಗೆ ಅನುಕೂಲ ಬೇಕು, ತಲೆಗೆ ಪೆಟ್ಟು ಬಿದ್ಮೇಲೆ ಕೆಲಸಕ್ಕೆ ವಾಪಸ್ ಹೋಗ್ಬಹುದಾ ನೋಡ್ಬೇಕು, ನೆನಪಿನ ಶಕ್ತಿ ಕುಂದ್ತಿದ್ಯಾ ತಿಳಿಬೇಕು, ಹೀಗೆ. ಅವರಿಗೆ ಬೇಕಾಗಿದ್ದು ನಂಬರ್ ಅಲ್ಲ, ತಾನೂ ಸೋಮಾರಿ ಆಗಿರ್ಲಿಲ್ಲ ಅನ್ನೋ ಒಂದು ಮಾತು. ಅದಕ್ಕೆ ಮಗಳ ರಿಪೋರ್ಟೇ ಸಾಕಾಯ್ತು.

ಸ್ಕೂಲಲ್ಲಿ ಮಾಡಿದ್ದು, ಫಲಿಸದೇ ಇದ್ದಿದ್ದು

ಸ್ಕೂಲ್ ಮೊದಲು ಒಪ್ಕೊಂಡಿದ್ದು ಪರೀಕ್ಷೆಯಲ್ಲಿ ಕಾಲು ಭಾಗ ಹೆಚ್ಚು ಸಮಯ. ಎಲ್ಲಾ ಕಡೆ ಮೊದಲು ಕೊಡೋದು ಇದನ್ನೇ, ಕೊಡೋಕೆ ಸುಲಭ. ಪುಟ್ಟಿಗೆ ಇದರಿಂದ ಏನೂ ಆಗ್ಲಿಲ್ಲ, ಒಂದು ಪೇಪರಲ್ಲಿ ಇನ್ನೂ ಕೆಟ್ಟದಾಯ್ತು. ಯೋಚನೆ ನಿಧಾನ ಇದ್ರೆ, ಓದು ನಿಧಾನ ಇದ್ರೆ ಹೆಚ್ಚು ಸಮಯ ಸಹಾಯ ಮಾಡುತ್ತೆ. ಇಲ್ಲಿ ಸೋಲ್ತಿದ್ದದ್ದು ಕೈ, ಸೋತ ಕೈಗೆ ಇನ್ನರ್ಧ ಗಂಟೆ ಕೊಟ್ರೆ ಇನ್ನರ್ಧ ಗಂಟೆ ನೋವು ಅಷ್ಟೇ. ಪ್ರೊಸೆಸಿಂಗ್ ಸ್ಪೀಡ್ ಕಡಿಮೆ ಅಂತ ಒಂದು ಸಾಲು ಬರೆದು ಸಮಯ ಹೆಚ್ಚು ಕೊಡಿ ಅಂತ ಶಿಫಾರಸು ಮಾಡೋ ರಿಪೋರ್ಟ್‌ಗಳು ಎಡವೋದು ಇಲ್ಲೇ.

ಆಮೇಲೆ ಬರೆಯೋ ಪ್ರಮಾಣವನ್ನೇ ಇಳಿಸಿದ್ವಿ. ಹತ್ತು ಲೆಕ್ಕದ ಬದ್ಲು ನಾಲ್ಕು. ಬೋರ್ಡಿಂದ ಕಾಪಿ ಮಾಡೋದು ಪೂರ್ತಿ ಬಂದ್, ಪ್ರಿಂಟ್ ಕೊಡೋದು. ಲೆಕ್ಕಕ್ಕೆ ಚೌಕುಳಿ ಹಾಳೆ, ಇದು ಮಾತ್ರ ಮೊದಲ ವಾರದಿಂದ್ಲೇ ಫಲ ಕೊಡ್ತು, ಖರ್ಚೂ ಇಲ್ಲ, ವಾದನೂ ಇಲ್ಲ. ಸಮಾಜ ಮತ್ತೆ ವಿಜ್ಞಾನದ ಕಿರು ಪರೀಕ್ಷೆ ಬಾಯಲ್ಲಿ. ಒಬ್ಬ ಟೀಚರ್ ಉಳಿದ ಮಕ್ಕಳಿಗೆ ಅನ್ಯಾಯ ಆಗಲ್ವಾ ಅಂತ ಕೇಳಿದ್ರು, ನ್ಯಾಯವಾದ ಪ್ರಶ್ನೆನೇ. ಆ ಪೇಪರ್ ಅಳೀಬೇಕಾಗಿರೋದು ಏನನ್ನ ಅಂತ ಕೂತು ನೋಡಿದ್ವಿ. ಇತಿಹಾಸದ ಪೇಪರ್ ಇತಿಹಾಸ ಅಳೀಬೇಕು ಅಂದ್ರೆ ಕೈ ಅಡ್ಡ ಬರಬಾರ್ದು. ಕೈಬರಹಕ್ಕೇ ಅಂತ ಇರೋ ಐದು ಅಂಕ ಎಲ್ರಿಗೂ ಇರೋ ಹಾಗೇ ಅವಳಿಗೂ ಇರ್ಲಿ, ಕಡಿಮೆ ಬಂದ್ರೆ ಬರ್ಲಿ. ಈ ಗೆರೆ ಎಳೆದ್ಮೇಲೆ ಆ ಟೀಚರೇ ಉಳಿದವರಿಗೆ ವಿವರಿಸೋಕೆ ನಿಂತ್ರು.

ಅವಳು ಹೇಳಿ ಇನ್ನೊಬ್ರು ಬರೆಯೋ ವ್ಯವಸ್ಥೆನೂ ನೋಡಿದ್ವಿ, ಅವಳಿಗೆ ಹಿಡಿಸ್ಲಿಲ್ಲ, ಎಲ್ರೂ ನನ್ನೇ ನೋಡ್ತಾರೆ ಅಂದ್ಲು. ಒತ್ತಾಯ ಮಾಡ್ಲಿಲ್ಲ. ಟೈಪಿಂಗ್ ವಿಷಯ ಬೇರೆ. ಮೊದಲು ತಿಂಗಳುಗಟ್ಲೆ ಅವಳ ಟೈಪಿಂಗ್ ಕೈಬರಹಕ್ಕಿಂತ ನಿಧಾನ, ಸಮನ್ವಯದ ತೊಂದರೆ ಇರೋ ಬೆರಳಿಗೆ ಕೀಬೋರ್ಡ್ ಕೂಡ ಹೊಸ ಕಷ್ಟವೇ ತಾನೆ. ಅದಕ್ಕೆ ಶಾಲೆಯ ಕೆಲಸವನ್ನ ಕೂಡ್ಲೇ ಕೀಬೋರ್ಡಿಗೆ ಹಾಕ್ಲಿಲ್ಲ, ದಿನಾ ಹತ್ತು ನಿಮಿಷ ಕಲಿಕೆ ಮಾತ್ರ, ವೇಗ ಕೈಬರಹವನ್ನ ದಾಟಿದ್ಮೇಲೆ ಒಂದೊಂದೇ ವಿಷಯ ಸೇರಿಸೋದು ಅಂತ ಒಪ್ಪಂದ. ಜೊತೆಗೆ ಥೆರಪಿಸ್ಟ್ ಕೈ ಬಲಪಡಿಸೋ ಸಾಮಾನ್ಯ ವ್ಯಾಯಾಮದ ಬದ್ಲು ಅವಳಿಗೆ ಬೇಕಾದ ಕೆಲ್ಸಗಳನ್ನೇ ಆರಿಸ್ಕೊಂಡ್ರು. ಗುರಿ ಇಡು, ಯೋಜನೆ ಹಾಕು, ಮಾಡು, ಸರಿ ಆಯ್ತಾ ನೋಡು, ಇದೇ ಕ್ರಮ. ಪುಟ್ಟಿ ಆರಿಸಿದ ಮೊದಲ ಗುರಿ ಬರವಣಿಗೆ ಅಲ್ಲ, ಸೈಕಲ್.

ಒಂದು ವರ್ಷ ಆದ್ಮೇಲೆ

ಕೈಬರಹ ಸುಂದರ ಆಗಿಲ್ಲ, ಓದೋಕೆ ಸ್ವಲ್ಪ ಸುಲಭ ಆಗಿದೆ ಅಷ್ಟೇ. ಸೈಕಲ್ ಬಂತು. ಟೈಪ್ ಮಾಡಿದ ಕಥೆಗಳು ಪುಟ ದಾಟ್ತವೆ, ಕಾಗುಣಿತದ ತಪ್ಪು ಬಹಳ ಇಳಿದಿದೆ, ದೊಡ್ಡ ಪದಗಳು ವಾಪಸ್ ಬಂದಿವೆ. ಲೆಕ್ಕದ ಅಂಕ ಏರಿದೆ. ಸಂಜೆಯ ಅಳು ನಿಂತಿದ್ದು ಎಲ್ಲಕ್ಕಿಂತ ಮೊದಲು, ಕಾಪಿ ರೈಟಿಂಗ್ ನಿಂತ ವಾರವೇ. ಗಮನದ ಪ್ರಶ್ನಾವಳಿ ಮತ್ತೆ ತುಂಬಿಸಿದಾಗ ಟೀಚರ್ ಕೊಟ್ಟ ಅಂಕ ಇಳಿದಿತ್ತು, ಆದ್ರೆ ಪೂರ್ತಿ ಸಾಮಾನ್ಯ ಮಟ್ಟಕ್ಕೆ ಬಂದಿಲ್ಲ, ಬರವಣಿಗೆ ಇಲ್ಲದ ಹೊತ್ತಲ್ಲೂ ಒಂದಿಷ್ಟು ಮರೆವು, ವಸ್ತು ಕಳ್ಕೊಳ್ಳೋದು ಉಳಿದಿದೆ. ಹಾಗಾಗಿ ಎಡಿಎಚ್‌ಡಿ ಪ್ರಶ್ನೆ ಇನ್ನೂ ತೆರೆದೇ ಇದೆ, ಅದಕ್ಕೆ ಮಕ್ಕಳ ಮನೋವೈದ್ಯರ ಹತ್ರ ಕಳಿಸಿದೀವಿ.

ಅಮ್ಮ ಮತ್ತೆ ಅದೇ ಬೇಡಿಕೆ ಇಟ್ರು, ಈಗ ಐಕ್ಯೂ ನೋಡಿ ಮೇಡಂ, ಏರಿರುತ್ತೆ. ಇದು ರಕ್ತದ ಸಕ್ಕರೆ ಥರ ತಿಂಗಳಿಗೊಮ್ಮೆ ನೋಡೋ ಅಂಕಿ ಅಲ್ಲ ಅಂತ ವಿವರಿಸಿದೆ. ಸ್ಕೋರನ್ನ ಅದೇ ವಯಸ್ಸಿನವರ ಜೊತೆ ಹೋಲಿಸಿರ್ತಾರೆ, ಹತ್ತು ವರ್ಷಕ್ಕೆ 95 ಇದ್ದು ಹನ್ನೊಂದಕ್ಕೂ 95 ಬಂತು ಅಂದ್ರೆ ಮಗು ನಿಂತಿದೆ ಅಂತಲ್ಲ, ತನ್ನ ವಯಸ್ಸಿನವರ ಜೊತೆ ಒಂದು ವರ್ಷದಷ್ಟು ಬೆಳೆದಿದೆ ಅಂತ. ಕೋಡಿಂಗ್ ಈಗ ಮಾಡಿದ್ರೂ ಬಹುಶಃ ಕಡಿಮೆನೇ ಬರುತ್ತೆ, ಕೈಯ ತೊಂದರೆ ಹೋಗಿಲ್ಲ, ಅದು ದಾರಿಗೆ ಅಡ್ಡ ಬರದ ಹಾಗೆ ಮಾಡಿದೀವಿ ಅಷ್ಟೇ. ದೊಡ್ಡ ಪರೀಕ್ಷೆಗಳಿಗೆ ಅನುಕೂಲ ಕೇಳೋ ಹೊತ್ತಿಗೆ ಪರೀಕ್ಷೆ ನಡೆಸೋರು ಇತ್ತೀಚಿನ ರಿಪೋರ್ಟ್ ಕೇಳೋದುಂಟು, ಆಗ ಮತ್ತೆ ಮಾಡೋಣ, ಅಷ್ಟರವರೆಗೆ ಹಳೇ ಟೆಸ್ಟ್ ನೆನಪೂ ಮಾಸಿರುತ್ತೆ ಅಂದೆ.

ಈ ಸಲದ ರಿಪೋರ್ಟಿಗೆ ಎರಡು ಭಾಗ ಮಾಡಿದೀನಿ. ಸ್ಕೋರ್‌ಗಳೆಲ್ಲ ಹಿಂದಿನ ಪುಟಗಳಲ್ಲಿ, ಒಟ್ಟು ಐಕ್ಯೂ ಇಡೀ ಚಿತ್ರ ಹೇಳಲ್ಲ, ಯಾಕೆ ಹೇಳಲ್ಲ ಅನ್ನೋ ಎರಡು ವಾಕ್ಯದ ಜೊತೆ. ಮುಂದಿನ ಪುಟದಲ್ಲಿ ಮುಂದಿನ ಕ್ಲಾಸಿನ ಟೀಚರ್‌ಗೆ ಬೇಕಾಗಿದ್ದು ಮಾತ್ರ: ಬೋರ್ಡಿಂದ ಕಾಪಿ ಮಾಡಿಸಬೇಡಿ, ಚೌಕುಳಿ ಹಾಳೆ ಕೊಡಿ, ಯಾವ ವಿಷಯಗಳಿಗೆ ಟೈಪಿಂಗ್ ಶುರು ಆಗಿದೆ, ಹೆಚ್ಚು ಸಮಯ ಕೊಟ್ಟು ನೋಡಿದ್ದು ಫಲಿಸಿಲ್ಲ, ಯಾವ ತಿಂಗಳಲ್ಲಿ ಮತ್ತೆ ಕೂತು ನೋಡ್ಬೇಕು. ಆ ಪುಟದ ಕರಡನ್ನ ಪುಟ್ಟಿಗೆ ಓದೋಕೆ ಕೊಟ್ಟಿದ್ದೆ. ಒಂದು ತಿದ್ದುಪಡಿ ಹೇಳಿದ್ಲು, ಬಾಯಲ್ಲಿ ಉತ್ತರ ಹೇಳೋ ಪರೀಕ್ಷೆ ಎಲ್ರ ಮುಂದೆ ಬೇಡ, ಬೇರೆ ರೂಮಲ್ಲಿ ಅಂತ. ಅದನ್ನ ಸೇರಿಸಿ ಕಳಿಸಿದ್ವಿ.